ಗಂಟೆಹಗ್ಗದ ಪಕ್ಕದ ಬೆಂಚು

ಅವತ್ತು ಬೆಳಿಗ್ಗೆ ನಾನು ಕ್ಲಾರಾಳ ಬಿಳಿ ಫ್ರಾಕನ್ನು ನೀಲಿ ನೀರಿಗೆ ಅದ್ದಿದ್ದೆ. ಅವಳು ಮೊದಲ ಸಲ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವುದಕ್ಕೆ ಹತ್ತೇ ದಿನ ಉಳಿದಿತ್ತು. ಫ್ರಾಕು ಹೊಸದಲ್ಲ, ನನ್ನ ತಂಗಿಯ ಮಗಳು ತೊಟ್ಟು ಬಿಟ್ಟದ್ದು. ಪೆಟ್ಟಿಗೆಯಲ್ಲಿ ಮಡಿಚಿಟ್ಟು ಹಳದಿಗೆ ತಿರುಗಿತ್ತು. ಅಂಥ ಬಟ್ಟೆಯನ್ನು ನೀಲಿಯಲ್ಲಿ ಮುಳುಗಿಸಿ ಹತ್ತು ಎಣಿಸುವುದರೊಳಗೆ ಎತ್ತಿಬಿಡಬೇಕು. ನಾನು ಆರು ಎಣಿಸಿದ್ದೆ. ಅಷ್ಟರಲ್ಲಿ ಗೇಟು ಕಿರ್ರೆಂದಿತು.

"ಲೂರ್ದೂ! ನಿನ್ನ ಮಗಳು ನನ್ನ ಕೈ ಕಚ್ಚಿದಾಳೆ ಕಣೇ!"

ಬಂದವಳು ಜಪಮಾಲಮ್ಮ. ಮೂರು ಮನೆಯಾಚೆ ಇರುವವಳು, ಶಾಲೆಯಲ್ಲಿ ಮೂರನೇ ತರಗತಿಗೆ ಧರ್ಮೋಪದೇಶ ಹೇಳಿಕೊಡುವವಳು. ಚಿಕ್ಕಂದಿನಿಂದ ಅಕ್ಕ ಅಂತಲೇ ಕರೆದು ಅಭ್ಯಾಸ. ಹೆಬ್ಬೆರಳನ್ನು ದೀಪದಂತೆ ಎತ್ತಿ ಹಿಡಿದುಕೊಂಡೇ ಒಳಗೆ ಬಂದಳು.

"ಏನಾಯ್ತಕ್ಕ?"

"ನಿನ್ನೆ ಕೊನೇ ಪೀರಿಯಡ್ಡು. ಎಪ್ಪತ್ತೊಂದನೇ ಉತ್ತರ ಒಪ್ಪಿಸ್ತಾ ಇದ್ವು. ಇವಳು ಕೈ ಎತ್ತಿದ್ಲು. ಆಚೆ ಹೋಗ್ಬೇಕೇನೋ ಅಂತ ತಲೆ ಆಡಿಸ್ದೆ. 'ಟೀಚರ್, ನಮ್ಮಮ್ಮ ಯಾ...' ಅಂದ್ಲು ನೋಡು, ನನ್ನ ಎದೆ ಝಲ್ ಅಂತು! ಎರಡು ಡೆಸ್ಕು ಹಾರಿ ಹೋಗಿ ಬಾಯಿ ಮುಚ್ಚಿದೆ. ಈ ವಯಸ್ಸಲ್ಲಿ! ಕಚ್ಚೇಬಿಟ್ಲು."

"ಅವಳಿಗೆ ಮುಂದಿನ ಎರಡು ಹಲ್ಲೇ ಇಲ್ವಲ್ಲಕ್ಕ."

"ಇರೋವೇ ಸಾಕಾದ್ವು. ನಗಬೇಡ. ಸಿಸ್ಟರ್ ಬೆನಿಟಾಗೆ ಗೊತ್ತಾಗಿದೆ. ಹತ್ತು ಗಂಟೆಗೆ ನಿನ್ನ ಬರಹೇಳಿದಾರೆ."

ಅವಳಿಗೆ ನೀರು ಕೊಟ್ಟು, ಬೆರಳಿಗೆ ಅರಿಶಿನ ಹಚ್ಚಿ, ಸಮಾಧಾನ ಹೇಳಿ ಕಳಿಸಿ ತಿರುಗಿ ನೋಡುತ್ತೇನೆ, ಬೋಗುಣಿಯಲ್ಲಿ ಫ್ರಾಕು ಕೂತಿದೆ. ಹಿಂಡಿ ಕೊಡವಿದೆ. ಬಿಳಿಯ ಫ್ರಾಕು ಪೂರ್ತಿ ನೀಲಿಯಾಗಿಬಿಟ್ಟಿತ್ತು, ಮೇರಿಮಾತೆಯ ಪ್ರತಿಮೆಯ ಸೆರಗಿನ ಹಾಗೆ. ನಾಲ್ಕು ನೀರಿನಲ್ಲಿ ಜಾಲಾಡಿದರೂ ಬಣ್ಣ ಬಿಡಲಿಲ್ಲ.

ನಮ್ಮೂರಲ್ಲಿ ದೇವಾಲಯದ ಕಾಂಪೌಂಡಿನೊಳಗೆ ಯಾರೂ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಕೇಳಿದರೆ ಗಂಟೆ ಮೂಕಾಗುತ್ತದೆ. ಹಗ್ಗ ಜಗ್ಗಿದರೆ ಗಂಟೆ ತೂಗುತ್ತದೆ, ಅದರ ನಾಲಗೆ ಬಡಿಯುವುದೂ ಕೆಳಗಿನಿಂದ ಕಾಣುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕ ಮೇಲೆ ಬರುತ್ತದೆ. ಶಾಲೆಯೂ ಅದೇ ಕಾಂಪೌಂಡಿನೊಳಗೆ ಇರುವುದರಿಂದ ಮಕ್ಕಳು ಒಂದನೇ ತರಗತಿಯಲ್ಲೇ ಇದನ್ನು ಕಲಿತುಬಿಡುತ್ತಾರೆ. ಬಳಪ ಕಾಣದಿದ್ದರೆ 'ನನ್ನ ಬಳಪ ಕಾಣ್ತಿಲ್ಲ' ಎಂದು ಹೇಳಿ ಕಾಯುತ್ತಾರೆ. ಲೆಕ್ಕದ ಮೇಷ್ಟ್ರು 'ಏಳಾರಲಿ, ಹೇಳು' ಎನ್ನುತ್ತಾರೆ. ಮದುವೆಯಲ್ಲಿ ಫಾದರ್ 'ಈ ಹೆಣ್ಣು ಈ ಗಂಡನ್ನು ಒಪ್ಪಿದ್ದಾಳೆ' ಎಂದು ತಾವೇ ಹೇಳಿ ಹೆಣ್ಣಿನ ಮುಖ ನೋಡುತ್ತಾರೆ. ಒಪ್ಪದವಳು ಆಗ ಕೆಮ್ಮಬಹುದು ಅಂತ ಒಂದು ರೂಢಿಯಿದೆ, ನೆಗಡಿಯಾದ ಮದುಮಗಳ ಮದುವೆಯನ್ನು ಅದಕ್ಕೇ ಮುಂದೂಡುತ್ತಾರೆ. ಧರ್ಮೋಪದೇಶದ ಪುಸ್ತಕ ಬೇರೆ ಊರುಗಳಲ್ಲಿ ಪ್ರಶ್ನೋತ್ತರವಾಗಿ ಇರುತ್ತದಂತೆ. ನಮ್ಮದರಲ್ಲಿ ಉತ್ತರಗಳು ಮಾತ್ರ, ನಂಬರು ಹಾಕಿ.

ನನ್ನ ಅಜ್ಜಿಯ ಕಾಲದಲ್ಲಿ ರಾಯಪ್ಪ ಎಂಬಾತ ತನ್ನ ಹೆಂಡತಿಯ ಶವಪೆಟ್ಟಿಗೆಯ ಮುಂದೆ ನಿಂತು ಏನೋ ಕೇಳಿಬಿಟ್ಟನಂತೆ. ಹತ್ತೊಂಬತ್ತು ವರ್ಷ ಗಂಟೆ ಮೂಕಾಗಿತ್ತು. ಜನ ಹೊತ್ತನ್ನು ನುಗ್ಗೆಮರದ ನೆರಳಲ್ಲಿ ಅಳೆದರು, ಪೂಜೆಗೆ ಹಿತ್ತಾಳೆ ತಟ್ಟೆ ಬಡಿದು ಕರೆದರು. ನನ್ನ ಅವ್ವ ಹುಟ್ಟಿದ್ದು ಆಗಲೇ. ಅವಳಿಗೆ ಹತ್ತು ವರ್ಷವಾಗುವ ತನಕ ಗಂಟೆಯೆಂದರೆ ತೂಗಾಡುವ ವಸ್ತು ಎಂದೇ ತಿಳಿದಿದ್ದಳಂತೆ. ಆಮೇಲೆ ಒಂದು ಬೆಳಿಗ್ಗೆ ಹಗ್ಗ ಎಳೆದರೆ ಸದ್ದು ಬಂತು. ಯಾರು ಉತ್ತರ ಕೊಟ್ಟರೋ, ಏನೆಂದು ಕೊಟ್ಟರೋ. ರಾಯಪ್ಪ ಅಷ್ಟರಲ್ಲಿ ಹೋಗಿಬಿಟ್ಟಿದ್ದ.

ಸಿಸ್ಟರ್ ಬೆನಿಟಾ ಈ ಜೂನಿನಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ಬಂದವರು. ಬಂದವರೇ ಶಾಲೆಯನ್ನು ಕೊಡವಿ ಎಬ್ಬಿಸಿದರು. ಅವರಿಗಿಂತ ಮೊದಲು ಬೆಳಗಿನ ಪ್ರಾರ್ಥನೆಯನ್ನು ಮಕ್ಕಳು ಬಸ್ಸಿನ ಕಂಡಕ್ಟರು ಊರ ಹೆಸರು ಕೂಗಿದ ಹಾಗೆ ಕೂಗಿ ಮುಗಿಸುತ್ತಿದ್ದವು. ಈಗ ಪ್ರತಿ ತರಗತಿಗೂ ಒಂದು ಪ್ರಾರ್ಥನೆಯ ಮೂಲೆ, ಅದಕ್ಕೊಂದು ಮೇಜು, ಶಿಲುಬೆ, ಹೂ. ದಿನಕ್ಕೆ ಅರ್ಧ ಗಂಟೆ ಧರ್ಮೋಪದೇಶ. ತಿಂಗಳ ಮೊದಲ ಶುಕ್ರವಾರ ಶಾಲೆಯ ಮಕ್ಕಳದ್ದೇ ಪೂಜೆ, ಬೈಬಲ್ ವಾಚನ ಓದುವವರೂ ಅವರೇ, ಹಾಡುವವರೂ ಅವರೇ. ನಲವತ್ತಿದ್ದ ಉತ್ತರಗಳು ನೂರಿಪ್ಪತ್ತಾದವು. ನನಗೆ ಇದೆಲ್ಲ ಹಿಡಿಸಿತು. ಹಿಡಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಕ್ಲಾರಾ ದಿನಾ ಬೆಳಿಗ್ಗೆ ಹಿತ್ತಲಿನ ಕನಕಾಂಬರ ಬಿಡಿಸಿಕೊಂಡು ಆ ಮೂಲೆಗೆ ಒಯ್ಯುವಾಗ ಅವಳ ನಡಿಗೆಯೇ ಬೇರೆಯಾಗುತ್ತಿತ್ತು. ದೇವರು ಅವಳಿಗಾಗಿಯೇ ಕಾದಿದ್ದಾರೆ, ಹೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬಂತೆ.

ನೂರಿಪ್ಪತ್ತು ಉತ್ತರ ಬಾಯಿಪಾಠ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕತ್ತಾಳೆ ನಾರು ಬಿಡಿಸಿ ಹಗ್ಗ ಹೊಸೆಯುವವಳು. ಸಂಜೆ ನಾನು ಹೊಸೆಯುತ್ತಿದ್ದರೆ ಕ್ಲಾರಾ ಎದುರು ಕೂತು ನಾರಿನ ತುದಿ ಹಿಡಿದುಕೊಂಡು ಒಪ್ಪಿಸುತ್ತಾಳೆ. ಬರೀ ಉತ್ತರ ಎಷ್ಟು ಹೊತ್ತು ಹೇಳುವುದು? ನಾವಿಬ್ಬರೂ ಒಂದು ಆಟ ಕಟ್ಟಿದೆವು. ಅವಳು ಉತ್ತರ ಹೇಳಬೇಕು, ಅದಕ್ಕೆ ಪ್ರಶ್ನೆ ಏನಿದ್ದಿರಬಹುದು ಅಂತ ಇಬ್ಬರೂ ಹುಡುಕಬೇಕು. ನಮ್ಮ ಮನೆ ಕಾಂಪೌಂಡಿನ ಆಚೆ ಇದೆ, ಯಾರೂ ತಡೆಯುವಂತಿಲ್ಲ.

"ಉತ್ತರ ಒಂಬತ್ತು. ಅವರು ಎಲ್ಲೆಲ್ಲೂ ಇದ್ದಾರೆ, ನಮ್ಮನ್ನು ಸದಾ ನೋಡುತ್ತಿದ್ದಾರೆ."

"ದೇವರು ಎಲ್ಲಿದ್ದಾರೆ? ಅದೇ ಇರ್ಬೇಕು ಪ್ರಶ್ನೆ."

ಕ್ಲಾರಾ ನಾರಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಪ್ಪ ಎಲ್ಲಿದ್ದಾರೆ ಅಂತ ಕೇಳಿದ್ರೂ ಇದೇ ಉತ್ತರ ಸರಿಹೋಗುತ್ತೆ ಅಲ್ವಾಮ್ಮಾ?"

ಸರಿಹೋಗುತ್ತದೆ ಎಂದೆ. ಇನ್ನೊಂದು ದಿನ, ಸಿಸ್ಟರ್ ತರಗತಿಯಲ್ಲಿ ತೂಗುಹಾಕಿಸಿದ ಹೊಸ ಪಟದ ವಿಷಯ ತಂದಳು. ದೊಡ್ಡ ಗಡ್ಡದ ಪಂಡಿತರ ನಡುವೆ ಬಾಲಯೇಸು ಕೂತಿರುವ ಪಟ. "ಟೀಚರು ಯೇಸು ಉತ್ತರ ಹೇಳ್ತಿದಾರೆ ಅಂತಾರೆ. ಆದ್ರೆ ಅವರು ಕೈ ಎತ್ತಿದಾರಮ್ಮ. ಕೈ ಎತ್ತೋದು ಕೇಳೋಕಲ್ವಾ?" ನಾನು ಅವತ್ತು ಎರಡು ಮಾರು ಹಗ್ಗ ತಪ್ಪಾಗಿ ಹೊಸೆದು ಬಿಚ್ಚಿದೆ.

ಹೀಗೆ ಕಲಿಸಿದವಳು ನಾನೇ. ಕಚ್ಚಿದ ಹಲ್ಲು ಮಾತ್ರ ಅವಳದ್ದು.

ಅವಳ ಅಪ್ಪ ಬೀರಯ್ಯ ನಮ್ಮ ಧರ್ಮದವರಲ್ಲ. ನಾವು ದೇವಾಲಯದಲ್ಲಿ ಮದುವೆಯಾಗಲಿಲ್ಲ, ರಿಜಿಸ್ಟ್ರಾರ್ ಆಫೀಸಿನಲ್ಲಿ ಆದೆವು. ನೀನೂ ನಮ್ಮ ದೇವರಿಗೆ ಬಂದುಬಿಡು ಎಂದು ನಾನು ಒಮ್ಮೆ ಅಂದಿದ್ದಕ್ಕೆ ಅವರು, "ನಿನ್ನ ದೇವರಿಗೆ ಊರು ತುಂಬ ಜನ ಇದಾರೆ ಲೂರ್ದು. ನಮ್ಮ ಬೀರೇದೇವರಿಗೆ ಈ ಬೀದೀಲಿ ನಾನೊಬ್ನೇ. ಬಿಟ್ಟು ಬಂದ್ರೆ ಪಾಪ, ಏನು ಮಾಡುತ್ತೆ ಅದು?" ಅಂದಿದ್ದರು. ಭಾನುವಾರ ಕ್ಲಾರಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗೇಟಿನ ತನಕ ಬಂದು, ಪೂಜೆ ಮುಗಿಯುವವರೆಗೂ ಹೊರಗೆ ಬೀಡಿ ಸೇದುತ್ತ ಕಾಯುತ್ತಿದ್ದರು. ಹಳೆಯ ಗಂಟೆಹಗ್ಗ ಹರಿದಾಗ ಹೊಸದು ಹೊಸೆದುಕೊಟ್ಟವರು ಅವರೇ. ಗೋಪುರ ಹತ್ತಿ ಕಟ್ಟಿಬಂದವರೂ ಅವರೇ. ಈ ಹಗ್ಗ ಅಂಗೈ ಸುಡುವುದಿಲ್ಲ ಎಂದು ಗಂಟೆ ಹೊಡೆಯುವ ಲಾಜರಣ್ಣ ಈಗಲೂ ಹೇಳುತ್ತಾನೆ. ಎರಡು ವರ್ಷದ ಹಿಂದೆ ಅವರು ಕಾಮಾಲೆಯಲ್ಲಿ ಹೋದರು. ಸಾವಿನ ಗಂಟೆ ನಮ್ಮ ಧರ್ಮದವರಿಗೆ ಮಾತ್ರ, ಆ ದಿನ ಆ ಹಗ್ಗ ಅವರಿಗಾಗಿ ಅಲುಗಲಿಲ್ಲ.

ಹಾಗೆ ದೇವಾಲಯದ ಹೊರಗೆ ಮದುವೆಯಾದಂದಿನಿಂದ ನನಗೆ ಪರಮಪ್ರಸಾದ ಇಲ್ಲ. ಎಲ್ಲರೂ ಸಾಲುಗಟ್ಟಿ ಮುಂದೆ ಹೋಗುವಾಗ ನಾನು ಕೊನೆಯ ಬೆಂಚಿನಲ್ಲಿ, ಗಂಟೆಹಗ್ಗದ ಪಕ್ಕ ನಿಲ್ಲುತ್ತೇನೆ. ಗಂಡ ಸತ್ತ ಮೇಲೆ ದಾರಿ ಸುಲಭವಾಗಿದೆ ಅಂತ ಎಲ್ಲರೂ ಹೇಳಿದರು. ಪಾಪನಿವೇದನೆಯಲ್ಲಿ ಫಾದರ್ ಮುಂದೆ ಆ ಮದುವೆ ತಪ್ಪಾಯಿತು ಎಂದು ಒಂದು ಮಾತು ಅಂದುಬಿಟ್ಟರೆ ಮುಗಿಯಿತು. ಆ ಒಂದು ಮಾತನ್ನು ನಾನು ಅಂದಿಲ್ಲ.

ಹತ್ತು ಗಂಟೆಗೆ ಸಿಸ್ಟರ್ ಕೋಣೆಗೆ ಹೋದೆ. ಬಂದವರನ್ನು ಬೇಕೋ ಬೇಡವೋ ಎಂದು ಕೇಳುವಂತಿಲ್ಲವಾದ್ದರಿಂದ ಅಲ್ಲಿ ಎಲ್ಲರಿಗೂ ಟೀ ಬರುತ್ತದೆ, ಸಕ್ಕರೆ ಕಾಯಿಲೆಯವರಿಗೂ ಸಕ್ಕರೆ ಹಾಕಿಯೇ ಬರುತ್ತದೆ.

"ಕ್ಲಾರಾ ಜಾಣೆ, ಲೂರ್ದಮ್ಮ. ನೂರಿಪ್ಪತ್ತೂ ಬರುತ್ತೆ ಅವಳಿಗೆ" ಎಂದರು ಸಿಸ್ಟರ್. ದನಿ ಮೆತ್ತಗಿತ್ತು. "ಆದರೆ ಅವಳ ಬಾಯಲ್ಲಿ ಒಂದು ಪ್ರಶ್ನೆ ಕೂತಿದೆ. ಅದು ನಿಮಗೆ ಗೊತ್ತಿರಬೇಕು."

"ಅರ್ಧ ಗೊತ್ತು ಸಿಸ್ಟರ್. ಇನ್ನರ್ಧ ನನಗೂ ಹೇಳಿಲ್ಲ. ಅದು ಮನೇಲಿ ಕೇಳೋದಲ್ಲ, ಅಲ್ಲೇ ಕೇಳ್ಬೇಕಾದ್ದು ಅಂತಾಳೆ."

ಸಿಸ್ಟರ್ ಮೇಜಿನ ಮೇಲಿದ್ದ ಪಟ್ಟಿಯನ್ನು ಸರಿಪಡಿಸಿದರು. ಹನ್ನೆರಡು ಮಕ್ಕಳ ಹೆಸರು. "ಎಪ್ಪತ್ತೊಂದನೇ ಉತ್ತರ ನಾನೇ ಸೇರಿಸಿದ್ದು. ತಾಯಿ ತಂದೆಯರೇ ಮಗುವಿನ ಮೊದಲ ಗುರುಗಳು, ಅವರು ಮಗುವಿನ ಜೊತೆಗೆ ಪರಮಪ್ರಸಾದಕ್ಕೆ ಬರುತ್ತಾರೆ. ಈ ವರ್ಷ ಹನ್ನೆರಡು ತಾಯಂದಿರೂ ಮಕ್ಕಳ ಪಕ್ಕ ಮೊಣಕಾಲೂರಬೇಕು ಅನ್ನೋದು ನನ್ನ ಆಸೆ. ಹನ್ನೊಂದು ಜನ ಸಿದ್ಧ ಇದ್ದಾರೆ. ಹಿಂದಿನ ದಿನ ಶನಿವಾರ ಪಾಪನಿವೇದನೆ ಇದೆ. ನೀವು ಒಂದು ಮಾತು ಹೇಳಿದರೆ ಮಗುವಿನ ಪ್ರಶ್ನೆಯೂ ಕರಗಿಹೋಗುತ್ತೆ."

"ಹನ್ನೊಂದು ವರ್ಷ ಅವರ ಜೊತೆ ಬಾಳಿದೆ ಸಿಸ್ಟರ್. ಆ ಹನ್ನೊಂದು ವರ್ಷದಲ್ಲಿ ಪಾಪ ಹುಡುಕಿದೀನಿ, ಸಿಕ್ಕಿಲ್ಲ. ಸಿಗದೇ ಇದ್ದದ್ದನ್ನ ಸಿಕ್ತು ಅಂತ ದೇವರ ಮುಂದೆ ಹೇಳೋದು ಸುಳ್ಳು. ಸುಳ್ಳು ಪಾಪ. ಉತ್ತರ ಮೂವತ್ತೆಂಟು."

ಅವರ ಮುಖ ಕೆಂಪೇರಿತು. "ಹಾಗಾದರೆ ನಿಮ್ಮ ಜಾಗದಲ್ಲಿ ಜಪಮಾಲಮ್ಮ ಕೂರಲಿ. ಮಗು ಮಾತ್ರ ಬಾಯಿ ಬಿಡಲ್ಲ ಅಂತ ಮೇರಿಮಾತೆಯ ಮುಂದೆ ನೀವೇ ಆಣೆ ಹಾಕಿಸಿ ಕರ್ಕೊಂಡು ಬರಬೇಕು."

"ಆಣೆ ಹಾಕಿಸಲ್ಲ. ನಮ್ಮ ಮನೇಲಿ ಬಾವಿಗೆ, ಎಮ್ಮೆಗೆ, ಗಂಟೆಗೆ ಹಗ್ಗ ಹೊಸೀತೀವಿ. ಮಗೂ ಬಾಯಿ ಕಟ್ಟೋಕೆ ಹೊಸೆಯಲ್ಲ."

"ಲೂರ್ದಮ್ಮ, ನಾನು ಪಟ್ಟಿಯಿಂದ ಹೆಸರು ತೆಗೀಬೇಕಾಗುತ್ತೆ."

"ತೆಗೀರಿ. ತೆಗೆದಿದೀನಿ ಅಂತ ಅವಳಿಗೆ ನೀವೇ ಹೇಳಿ. ಹೇಳಿದ ಮೇಲೆ ಅವಳು ಏನು ಕೇಳಿದ್ರೂ ಕೇಳಿಸ್ಕೊಳ್ಳಿ."

ಟೀ ಲೋಟವನ್ನು ಮೇಜಿನ ಮೇಲಿಟ್ಟೆ. ಆಗ ಬಾಗಿಲಲ್ಲಿ ಫಾದರ್ ಅರುಳಪ್ಪ ನಿಂತಿರುವುದು ಕಂಡಿತು. ಎಪ್ಪತ್ತು ದಾಟಿದವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಹೆಸರು ಇರಲಿ ಸಿಸ್ಟರ್" ಎಂದರು. "ಹನ್ನೆರಡು ಮಕ್ಕಳು ಅಂತ ಅಡಿಗೆಯವನಿಗೆ ಹೇಳಿಯಾಗಿದೆ." ಅಷ್ಟೇ ಹೇಳಿ ಹೋದರು.

ಶನಿವಾರದ ತನಕ ನಾನು ಗಟ್ಟಿಯಾಗಿಯೇ ಇದ್ದೆ. ಶನಿವಾರ ಮಧ್ಯಾಹ್ನ ಫ್ರಾಕಿಗೆ ಇಸ್ತ್ರಿ ಹಾಕುತ್ತಿದ್ದಾಗ ಕ್ಲಾರಾ ಬಂದು ಪಕ್ಕ ನಿಂತಳು. ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಎಲ್ಲರ ಅಮ್ಮಂದಿರೂ ನಾಳೆ ಪಕ್ಕದಲ್ಲೇ ಇರ್ತಾರಂತೆ" ಎಂದಳು, ಅಷ್ಟೇ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ತಲೆ ಬಾಚಿಕೊಂಡು, ನಾನೂ ಹೋಗಿ ಪಾಪನಿವೇದನೆಯ ಸಾಲಿನಲ್ಲಿ ನಿಂತೆ. ಒಂದು ಮಾತು ತಾನೇ? ಸತ್ತವರಿಗೆ ನೋವಾಗುವುದಿಲ್ಲ. ಬೀರಯ್ಯ ಇದ್ದಿದ್ದರೆ, ಹೇಳಿಬಿಡು ಮಾರಾಯ್ತಿ, ಮಗು ಖುಷಿಯಾಗಿರಲಿ ಅಂತ ಅವರೇ ತಳ್ಳುತ್ತಿದ್ದರು.

ಪಾಪನಿವೇದನೆಯ ಪೆಟ್ಟಿಗೆಯೊಳಗೆ, ಜಾಲರಿಯ ಆಚೆ ಫಾದರ್ ಉಸಿರಾಡುವುದು ಕೇಳುತ್ತಿತ್ತು. ನಾನು ಮೊಣಕಾಲೂರಿದೆ. ಜಪಮಾಲಮ್ಮನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದು ಹೇಳಿದೆ. ಎಮ್ಮೆಯ ಹಗ್ಗಕ್ಕೆ ಹಳೆ ನಾರು ಬೆರೆಸಿದ್ದು ಹೇಳಿದೆ. ಸಿಸ್ಟರಿಗೆ ಎದುರು ಮಾತಾಡಿದ್ದು ಹೇಳಿದೆ.

"ಇನ್ನೂ ಇದೆ" ಎಂದರು ಫಾದರ್ ಮೆಲ್ಲಗೆ. ಅದು ಅವರು ಕೇಳುವ ರೀತಿ.

ಬೀರಯ್ಯನ ಹೆಸರನ್ನು ನಾಲಗೆಯ ತುದಿಗೆ ತಂದೆ. ತಂದ ಕೂಡಲೇ ಅವರ ಬೆವರಿನ, ಕತ್ತಾಳೆಯ ವಾಸನೆ ಆ ಪುಟ್ಟ ಪೆಟ್ಟಿಗೆಯೊಳಗೆ ತುಂಬಿಕೊಂಡಂತಾಯಿತು. ಕ್ಲಾರಾ ಹುಟ್ಟಿದಾಗ ಅವಳಿಗೆ ಹೆಸರಿಡುವ ಜ್ಞಾನಸ್ನಾನಕ್ಕೆ ನಾನು ಒಬ್ಬಳೇ ಒಳಗೆ ಹೋಗಿದ್ದೆ, ಹೊರಗೆ ಸುರಿವ ಮಳೆಯಲ್ಲಿ ಅವರು ಕೊಡೆಯನ್ನು ಮುಂದಕ್ಕೆ ಚಾಚಿ ಹಿಡಿದು ಒಂದೂವರೆ ಗಂಟೆ ನಿಂತಿದ್ದರು, ಮಗು ಹೊರಗೆ ಬಂದಾಗ ನೆನೆಯಬಾರದು ಅಂತ. ಅವರ ಪೂರ್ತಿ ಬೆನ್ನು ನೆಂದಿತ್ತು, ಕೊಡೆಯ ಒಳಭಾಗ ಒಣಗಿಯೇ ಇತ್ತು.

"ಇಲ್ಲ ಸ್ವಾಮಿ" ಎಂದೆ. "ಇನ್ನೇನೂ ಇಲ್ಲ. ಇರೋದೆಲ್ಲ ಹೇಳಿದೀನಿ."

ಫಾದರ್ ಜಾಲರಿಯ ಹತ್ತಿರಕ್ಕೆ ಬಾಗಿದರು. "ಹೇಳಿದ್ದಕ್ಕೆ ಕ್ಷಮೆ ಇದೆ ಮಗಳೇ. ಹೇಳದೇ ಇದ್ದದ್ದಕ್ಕೆ ನನ್ನ ಹತ್ತಿರ ಪುಸ್ತಕದಲ್ಲಿ ಇರೋದು ಮಾತ್ರ ಇದೆ" ಎಂದರು. ಅವರ ದನಿಯಲ್ಲಿ ದಣಿವಿತ್ತು. ನಾನು ಎದ್ದು ಬಂದೆ. ಜಪಮಾಲಮ್ಮ ಸಾಲಿನಲ್ಲಿ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು. ಕಾಂಪೌಂಡಿನ ಆಚೆಗೆ ಬಂದ ಮೇಲೆ, "ಅಷ್ಟು ಹಟ ಯಾಕೇ ನಿಂಗೆ?" ಎಂದಳು. ಹಟ ಅಲ್ಲಕ್ಕ, ಅದು ನನ್ನ ಮದುವೆ ಅಂದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಭಾನುವಾರ ಕ್ಲಾರಾಳ ಜಡೆ ಹೆಣೆದು, ತಲೆಗೆ ಬಿಳಿ ಹೂವಿನ ಕಿರೀಟ ಇಟ್ಟು, ನೀಲಿ ಫ್ರಾಕು ತೊಡಿಸಿದೆ. ಗೇಟಿನಲ್ಲಿ ಸಿಸ್ಟರ್ ಅದನ್ನು ನೋಡಿ ಬೆರಗಾದರು.

"ಎಲ್ಲ ಮಕ್ಕಳೂ ಬಿಳಿ ಹಾಕಿದ್ದಾರೆ" ಎಂದರು.

"ಇವಳು ನೀಲಿ ಹಾಕಿದ್ದಾಳೆ" ಎಂದೆ. ಅದಕ್ಕಿಂತ ಹೆಚ್ಚು ವಿವರಣೆ ಕೊಡಲಿಲ್ಲ. ನನ್ನ ಕೈ ತಪ್ಪಿನಿಂದಾದ ಬಣ್ಣವೆಂದು ಹೇಳಿದ್ದರೆ ಅವರು ಕನಿಕರ ಪಡುತ್ತಿದ್ದರು. ನನಗೆ ಕನಿಕರ ಬೇಕಿರಲಿಲ್ಲ.

ಮಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವಳ ಕಾಲುಚೀಲ ಎಳೆದು ಸರಿಮಾಡಿದೆ. ಏನಾದರೂ ಹೇಳಬೇಕಿತ್ತು. ಸುಮ್ಮನಿರು ಎನ್ನಬಹುದಿತ್ತು. ಕೇಳು ಎನ್ನಲೂ ಬಹುದಿತ್ತು. ಎರಡನ್ನೂ ಹೇಳದೆ, "ನಾನು ಹಗ್ಗದ ಪಕ್ಕ ಇರ್ತೀನಿ ಚಿನ್ನಾ. ತಿರುಗಿ ನೋಡಿದ್ರೆ ಕಾಣ್ತೀನಿ" ಅಂದೆ. ಅವಳು ತಲೆಯಾಡಿಸಿದಳು.

ಪೂಜೆ ಚೆನ್ನಾಗಿ ನಡೆಯಿತು. ಸಿಸ್ಟರ್ ತಯಾರು ಮಾಡಿದ ಮಕ್ಕಳ ಹಾಡು ಕೇಳಿ ನನ್ನ ಕಣ್ಣು ತುಂಬಿತು, ಅಷ್ಟು ಇಂಪಾಗಿತ್ತು. ಹನ್ನೊಂದು ಮಕ್ಕಳು, ಹನ್ನೊಂದು ತಾಯಂದಿರು ಜೋಡಿಜೋಡಿಯಾಗಿ ಮೊಣಕಾಲೂರಿದರು. ಒಂದೊಂದೇ ಜೋಡಿಗೆ ಪ್ರಸಾದ ಕೊಡುತ್ತ ಫಾದರ್ ಮುಂದೆ ಸಾಗಿದರು. ಕೊನೆಯಲ್ಲಿ ನೀಲಿ ಫ್ರಾಕು. ಅದರ ಪಕ್ಕ ಜಪಮಾಲಮ್ಮ, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು. ನನ್ನ ಪಕ್ಕದಲ್ಲಿ ಲಾಜರಣ್ಣ ಎರಡೂ ಕೈಯಲ್ಲಿ ಹಗ್ಗ ಹಿಡಿದು ಸಿದ್ಧವಾಗಿದ್ದ. ಹನ್ನೆರಡನೇ ಮಗು ಪ್ರಸಾದ ತೆಗೆದುಕೊಂಡ ಕೂಡಲೇ ಗಂಟೆ ಹೊಡೆಯಬೇಕು, ಊರಿಗೆಲ್ಲ ಕೇಳಬೇಕು.

ಫಾದರ್ ಪ್ರಸಾದವನ್ನು ಎತ್ತಿ ಹಿಡಿದರು. ಕ್ಲಾರಾ ಬಾಯಿ ತೆರೆಯಲಿಲ್ಲ. ಜಪಮಾಲಮ್ಮ ಮೊಣಕೈಯಿಂದ ತಿವಿದಳು. ಕ್ಲಾರಾ ನಿಧಾನವಾಗಿ ಎದ್ದು ನಿಂತಳು. ತಿರುಗಿ, ಅಷ್ಟು ಉದ್ದದ ದೇವಾಲಯದ ಈ ತುದಿಯಲ್ಲಿ ನಿಂತಿದ್ದ ನನ್ನನ್ನು ಹುಡುಕಿದಳು. ಎಲ್ಲರ ತಲೆಗಳೂ ಅವಳ ಜೊತೆ ಹಿಂದಕ್ಕೆ ತಿರುಗಿದವು. ಸಿಸ್ಟರ್ ಗೋಡೆಬದಿಯಿಂದ ನನ್ನ ಕಡೆ ನೋಡುತ್ತ ತುಟಿಯ ಮೇಲೆ ಬೆರಳಿಟ್ಟುಕೊಂಡರು, ನೀವೂ ಹೀಗೆ ಮಾಡಿ, ಮಗು ನಿಮ್ಮ ಮಾತು ಕೇಳುತ್ತೆ ಎಂಬಂತೆ. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಹತ್ತೊಂಬತ್ತು ವರ್ಷದ ಕತೆ ಅವರಿಗೂ ಗೊತ್ತಿತ್ತು.

ನಾನು ಬೆರಳು ಎತ್ತಿದ್ದರೆ ಕ್ಲಾರಾ ಸುಮ್ಮನಾಗುತ್ತಿದ್ದಳು. ಅದು ನನಗೆ ಗೊತ್ತು. ಪ್ರಸಾದ ತೆಗೆದುಕೊಳ್ಳುತ್ತಿದ್ದಳು, ಗಂಟೆ ಹೊಡೆಯುತ್ತಿತ್ತು, ಎಲ್ಲರೂ ಕೇಕು ತಿಂದು ಮನೆಗೆ ಹೋಗುತ್ತಿದ್ದೆವು. ಮುಂದಿನ ಭಾನುವಾರ ನಾನು ಮತ್ತೆ ಇದೇ ಬೆಂಚಿಗೆ ಬಂದು ನಿಲ್ಲುತ್ತಿದ್ದೆ. ಅವಳು ಮುಂದೆ, ನಾನು ಹಿಂದೆ, ಅವಳು ನನ್ನ ಎತ್ತರಕ್ಕೆ ಬೆಳೆಯುವ ತನಕ.

ಕೈ ಚಾಚಿ ಹಗ್ಗವನ್ನು ಮುಟ್ಟಿದೆ. ಲಾಜರಣ್ಣನ ಕೈಯ ಕೆಳಗೆ, ಬೀರಯ್ಯ ಕೊನೆಯ ಗಂಟು ಹಾಕಿದ ಜಾಗ. ಅದನ್ನು ಹಿಡಿದುಕೊಂಡೇ ಮಗಳ ಕಡೆ ನೋಡಿ ತಲೆಯಾಡಿಸಿದೆ.

ಕ್ಲಾರಾ ಪೀಠದ ಕಡೆ ತಿರುಗಿದಳು. ತರಗತಿಯ ಪಟದಲ್ಲಿ ಇದ್ದ ಹಾಗೆ ಬಲಗೈ ಎತ್ತಿದಳು. ಫಾದರ್ ಅರುಳಪ್ಪ ಪ್ರಸಾದ ಹಿಡಿದ ಕೈಯನ್ನು ಇಳಿಸಲಿಲ್ಲ, ಬೇಡವೆಂದು ಅಲುಗಿಸಲೂ ಇಲ್ಲ. ಬಾಗಿ, ತಮ್ಮ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದರು. ಆದರೆ ಕ್ಲಾರಾ ಕಿವಿಯಲ್ಲಿ ಹೇಳಲಿಲ್ಲ. ಬಿದ್ದ ಹಲ್ಲುಗಳ ಸಂದಿಯಿಂದ ಗಾಳಿ ಸೋರಿದರೂ, ಗೋಪುರದ ತನಕ ಮುಟ್ಟುವಷ್ಟು ಗಟ್ಟಿಯಾಗಿ ಹೇಳಿದಳು:

"ಸ್ವಾಮಿ, ನಮ್ಮಪ್ಪ ಮಾಡಿದ ಹಗ್ಗ ಒಳಗಿದೆ. ನಮ್ಮಮ್ಮ ಯಾಕೆ ಹಿಂದೆ ನಿಂತಿದಾಳೆ?"